ಜನಗಣತಿಯಲ್ಲಿ ‘ಪಾಪರ್’ ಎಂದಿದೆ, ಬೀಗರಿಗೆ ಹೇಗೆ ಹೇಳಲಿ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕಿ. ಮಗಳ ಬಾಣಂತನಕ್ಕೆಂದು ಬಂದು ನಾಲ್ಕು ತಿಂಗಳಿಂದ ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿದ್ದೇನೆ. ಅಳಿಯಂದಿರು ಇಲ್ಲಿಯವರೇ. ಮಗು ಮಲಗಿದ ಹೊತ್ತಿನಲ್ಲಿ ಬೀಗರ ವಂಶವೃಕ್ಷ ಹುಡುಕುವ ಹವ್ಯಾಸ ಹತ್ತಿತು. ಅವರ ಅಡ್ಡಹೆಸರು ರೈಟ್. ಹಿರಿಯರು ಡನ್‌ಸ್ಟೇಬಲ್ ಹತ್ತಿರದ ಒಂದು ಹಳ್ಳಿಯವರು. 1851ರ ಜನಗಣತಿಯಲ್ಲಿ ಮನೆ ಯಜಮಾನನ ಕಸುಬು ‘ಆ್ಯಗ್ ಲ್ಯಾಬ್’, ಹೆಂಡತಿಯದು ‘ಸ್ಟ್ರಾ ಪ್ಲೇಟರ್’, ಅಂದರೆ ಹುಲ್ಲು ಹೆಣೆಯುವವಳು ಎಂದಿದೆ. ಒಂಬತ್ತು ವರ್ಷದ ಮಗಳು ಮತ್ತು ಐದು ವರ್ಷದ ಮಗನ ಮುಂದೆಯೂ ‘ಪ್ಲೇಟರ್’ ಎಂದೇ ಬರೆದಿದ್ದಾರೆ. 1861ರಲ್ಲಿ ಆ ಹೆಂಡತಿ ವಿಧವೆ, ಕಸುಬು ‘ಪಾಪರ್’. ಹತ್ತೊಂಬತ್ತು ವರ್ಷದ ಮಗಳಿಗೆ ಮದುವೆಯಾಗಿಲ್ಲ. ಆದರೆ ಮನೆಯಲ್ಲಿ ನಾಲ್ಕು ತಿಂಗಳ ‘ಮೊಮ್ಮಗ’ ಇದ್ದಾನೆ. ಆ ಮಗುವೇ ಬೀಗರ ಮುತ್ತಜ್ಜ. ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ ವಂಶವೃಕ್ಷವೊಂದು ಇದೇ ಮನೆತನವನ್ನು ಹದಿನೇಳನೇ ಶತಮಾನದ ಒಬ್ಬ ಜಮೀನುದಾರರ ವಂಶಕ್ಕೆ ಜೋಡಿಸಿದೆ. ಇವರು ನಿಜಕ್ಕೂ ಭಿಕ್ಷುಕರಾಗಿದ್ದರೇ? ಐದು ವರ್ಷದ ಕೂಸನ್ನು ದುಡಿಸಿದ ತಾಯ್ತಂದೆಯರು ಎಂಥವರು? ಎರಡು ತಿಂಗಳಲ್ಲಿ ಬೀಗರಿಗೆ 75 ತುಂಬುತ್ತದೆ, ವಂಶವೃಕ್ಷಕ್ಕೆ ಚೌಕಟ್ಟು ಹಾಕಿಸಿ ಉಡುಗೊರೆ ಕೊಡಬೇಕೆಂದಿದ್ದೆ. ಮಗಳ ವಿಷಯ ಬಿಟ್ಟು, ಆ ಮಗುವನ್ನು ವಿಧವೆಯ ಮಗ ಎಂದೇ ತೋರಿಸಿದರೆ ತಪ್ಪೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹಾಗೆ ಬರೆಯಬೇಡಿ. ನಿಮ್ಮ ಉದ್ದೇಶ ಒಳ್ಳೆಯದೇ, ಬೀಗರ ಮನಸ್ಸು ನೋಯಬಾರದು ಅನ್ನುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಚೌಕಟ್ಟಿನೊಳಗೆ ಹೋದ ತಪ್ಪು ಇನ್ನು ಐವತ್ತು ವರ್ಷ ಗೋಡೆಯ ಮೇಲಿರುತ್ತದೆ, ನಿಮ್ಮ ಮೊಮ್ಮಗು ದೊಡ್ಡದಾಗಿ ಅದನ್ನೇ ನಿಜವೆಂದು ನಂಬುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಮುಚ್ಚಿಡಬೇಕು ಅಂತ ನೀವು ಅಂದುಕೊಂಡಿರುವ ಸಂಗತಿ ನಿಜವೋ ಅಲ್ಲವೋ ನಿಮಗಿನ್ನೂ ಗೊತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮನ್ನು ಹೆಚ್ಚು ಹೆದರಿಸಿರುವುದು ‘ಪಾಪರ್’ ಎಂಬ ಪದ. ಇದು ಕೋರ್ಟು ಕಚೇರಿಗಳ ದಾರಿಯಲ್ಲಿ ನಮ್ಮ ಭಾಷೆಗೂ ಬಂದು ಸೇರಿಕೊಂಡ ಪದ. ‘ಪಾಪರ್ ಚೀಟಿ ತಗೊಂಡ’ ಅಂದರೆ ನಮ್ಮಲ್ಲಿ ದಿವಾಳಿ ಎದ್ದ, ಸಾಲಗಾರರಿಗೆ ಕೈ ಎತ್ತಿದ ಎಂದರ್ಥ. ಅದರಲ್ಲಿ ಒಂದು ಅವಮಾನ, ಸ್ವಲ್ಪ ಮೋಸದ ವಾಸನೆ ಎರಡೂ ಇದೆ. 1861ರ ಇಂಗ್ಲಿಷ್ ಗಣತಿದಾರ ಬರೆದ ‘ಪಾಪರ್’ ಅದಲ್ಲ, ಭಿಕ್ಷುಕಿ ಎಂದೂ ಅಲ್ಲ. ಬಡವರ ಕಾನೂನಿನ ಪ್ರಕಾರ ಊರಿನ ತೆರಿಗೆ ಹಣದಿಂದ ನೆರವು ಪಡೆಯುತ್ತಿರುವವರು ಎಂದಷ್ಟೇ ಅದರ ಅರ್ಥ. ಇಂದಿನ ಮಾತಿನಲ್ಲಿ ಹೇಳಬೇಕಾದರೆ ವಿಧವಾ ವೇತನ ಪಡೆಯುವ ಹೆಂಗಸು. ಆ ಕಾಲದಲ್ಲಿ ಆ ಪದಕ್ಕೆ ಕಳಂಕ ಅಂಟಿತ್ತು, ಇಲ್ಲವೆನ್ನಲಾರೆ. ಆದರೆ ಅದು ಆಕೆಯ ನಡತೆಗೆ ಕೊಟ್ಟ ಸರ್ಟಿಫಿಕೇಟು ಅಲ್ಲ.

1834ರಲ್ಲಿ ಇಂಗ್ಲೆಂಡು ತನ್ನ ಬಡವರ ಕಾನೂನನ್ನು ಬದಲಿಸಿತು. ಅಲ್ಲಿಯವರೆಗೆ ಒಂದೊಂದು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು, ತನ್ನ ಬಡವರನ್ನು ತಾನೇ ನೋಡಿಕೊಳ್ಳುತ್ತಿತ್ತು. ಹೊಸ ಕಾನೂನು ಹಲವು ಪ್ಯಾರಿಷ್‌ಗಳನ್ನು ಒಂದು ಯೂನಿಯನ್ನಿಗೆ ಸೇರಿಸಿ, ಯೂನಿಯನ್ನಿಗೊಂದು ವರ್ಕ್‌ಹೌಸ್, ಅಂದರೆ ಬಡವರನ್ನು ಇರಿಸಿಕೊಂಡು ದುಡಿಸುವ ಮನೆ, ಕಟ್ಟಿಸಿತು. ಡನ್‌ಸ್ಟೇಬಲ್ ಕಡೆಯ ಹಳ್ಳಿಗಳು ಲೂಟನ್ ಯೂನಿಯನ್ನಿಗೆ ಸೇರಿದವು. ನೆರವು ಬೇಕಾದವರು ವರ್ಕ್‌ಹೌಸಿಗೇ ಬಂದು ಸೇರಬೇಕು, ಅಲ್ಲಿಯ ಬದುಕು ಹೊರಗಿನ ಕೂಲಿಯವನ ಬದುಕಿಗಿಂತ ಕಷ್ಟದ್ದಾಗಿರಬೇಕು ಎಂಬುದು ಕಾನೂನಿನ ಆಶಯವಾಗಿತ್ತು. ಒಳಗೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಬಡವರು ಅದನ್ನು ‘ಬಾಸ್ಟೀಲ್’ ಎಂದು, ಪ್ಯಾರಿಸಿನ ಸೆರೆಮನೆಯ ಹೆಸರಿನಿಂದ ಕರೆದರು. ಸಿನಿಮಾಗಳಲ್ಲಿ ನೀವು ನೋಡಿರುವ ಚಿತ್ರ ಇದೇ ಇರಬೇಕು. ಆದರೆ ಆಚರಣೆಯಲ್ಲಿ ಶತಮಾನದುದ್ದಕ್ಕೂ ನೆರವು ಪಡೆದವರಲ್ಲಿ ಬಹುಪಾಲು ಜನ ವರ್ಕ್‌ಹೌಸಿನ ಮೆಟ್ಟಿಲು ಹತ್ತಲಿಲ್ಲ. ವಿಧವೆಯರಿಗೆ, ಮುದುಕರಿಗೆ, ಕಾಯಿಲೆಯವರಿಗೆ ಮನೆಯಲ್ಲಿದ್ದಂತೆಯೇ ವಾರಕ್ಕೆ ಒಂದೆರಡು ಶಿಲ್ಲಿಂಗು, ಜೊತೆಗೆ ಒಂದಷ್ಟು ಬ್ರೆಡ್ಡು ಸಿಗುತ್ತಿತ್ತು. ಅಷ್ಟರಲ್ಲಿ ಹೊಟ್ಟೆ ತುಂಬುವುದಿಲ್ಲ. ದುಡಿಯಲೇಬೇಕು.

ನಿಮ್ಮ ವಿಧವೆ ಇವರಲ್ಲೊಬ್ಬರು ಎಂದು ಹೇಗೆ ಹೇಳುತ್ತೇನೆ? ವರ್ಕ್‌ಹೌಸಿನಲ್ಲಿದ್ದವರ ಹೆಸರು ಗಣತಿ ಪುಸ್ತಕದಲ್ಲಿ ಆ ಸಂಸ್ಥೆಯ ಪುಟಗಳಲ್ಲೇ ಬರುತ್ತದೆ. ಇವರು 1861ರ ಏಪ್ರಿಲ್ 7ರ ಭಾನುವಾರ ರಾತ್ರಿ ತಮ್ಮದೇ ಮನೆಯಲ್ಲಿ, ಮನೆಯ ಯಜಮಾನಿಯಾಗಿ, ಮಗಳು ಮೊಮ್ಮಗನ ಜೊತೆ ಮಲಗಿದ್ದರು. ಇನ್ನೂ ಒಂದು ಕೆಲಸ ಮಾಡಿ. ಆ ಪುಟದ ಚಿತ್ರವನ್ನು ದೊಡ್ಡದು ಮಾಡಿ, ‘ಪಾಪರ್’ ಪದದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಏನಾದರೂ ಇದೆಯೇ ನೋಡಿ. ನೆರವು ಪಡೆಯುವವರ ಹಿಂದಿನ ಕಸುಬನ್ನೂ ನಮೂದಿಸಬೇಕು ಎಂಬ ಸೂಚನೆ 1851ರಲ್ಲಿ ಇತ್ತು. 1861ರ ಪುಟಗಳಲ್ಲೂ ಆ ರೂಢಿ ಕಾಣುತ್ತದೆ. ಇಂಟರ್ನೆಟ್ಟಿನ ಪಟ್ಟಿಗಳಿಗೆ ನಕಲು ಮಾಡುವವರು ಅದನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಪಟ್ಟಿಯನ್ನು ನಂಬಬೇಡಿ, ಮೂಲ ಪುಟವನ್ನೇ ಓದಿ.

‘ಆ್ಯಗ್ ಲ್ಯಾಬ್’ ಅನ್ನುವುದು ಅಗ್ರಿಕಲ್ಚರಲ್ ಲೇಬರರ್ ಎಂಬುದರ ಮೊಟಕು ರೂಪ. ಇಂಗ್ಲಿಷ್ ವಂಶಾವಳಿ ಹುಡುಕುವವರಿಗೆ ಇಷ್ಟು ಸಲ ಎದುರಾಗುವ ಕಸುಬು ಇನ್ನೊಂದಿಲ್ಲ. ‘ಬರೀ ಕೂಲಿ’ ಎಂದು ಪಕ್ಕಕ್ಕೆ ತಳ್ಳುವುದೂ ಇದನ್ನೇ. ಆ ‘ಬರೀ ಕೂಲಿ’ಯವನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಉಳುವ ಕುದುರೆಗಳಿಗೆ ಮೇವು ಹಾಕಿ ಮೈ ಉಜ್ಜುತ್ತಿದ್ದ. ನೇಗಿಲ ಸಾಲು ನೇರ ಬರದಿದ್ದರೆ ಊರವರ ಕಣ್ಣಿಗೆ ಬೀಳುತ್ತಿತ್ತು. ಚಳಿಗಾಲದಲ್ಲಿ ಬೇಲಿ ಗಿಡಗಳನ್ನು ಅರ್ಧ ಕಡಿದು, ಬಾಗಿಸಿ, ಹೆಣೆದು ಜೀವಂತ ಬೇಲಿ ಮಾಡುವುದು, ಕಾಲುವೆ ತೋಡುವುದು, ಬಣವೆ ಒಟ್ಟಿ ಅದಕ್ಕೆ ನೀರಿಳಿಯದಂತೆ ಹುಲ್ಲಿನ ಹೊದಿಕೆ ಹೊದಿಸುವುದು, ಕುರಿ ಈಯುವಾಗ ರಾತ್ರಿಯಿಡೀ ಕಾಯುವುದು, ಇದೆಲ್ಲ ಆ ಎರಡು ಮೊಟಕು ಪದಗಳೊಳಗೆ ಅಡಗಿ ಕೂತಿದೆ. ಗಣತಿದಾರನಿಗೆ ಅದೆಲ್ಲ ಬರೆಯಲು ಜಾಗವೂ ಇರಲಿಲ್ಲ, ವ್ಯವಧಾನವೂ ಇರಲಿಲ್ಲ.

ಕೂಲಿ ಮಾತ್ರ ತೀರ ಕಡಿಮೆ. 1850-51ರಲ್ಲಿ ಇಂಗ್ಲೆಂಡಿನ ಜಿಲ್ಲೆಗಳನ್ನು ಸುತ್ತಿ ಕೃಷಿಯ ಸ್ಥಿತಿಗತಿ ಬರೆದ ಜೇಮ್ಸ್ ಕೇರ್ಡ್ ಲೆಕ್ಕ ಹಾಕಿದಂತೆ, ಉತ್ತರದ ಜಿಲ್ಲೆಗಳಲ್ಲಿ ವಾರಕ್ಕೆ ಸರಾಸರಿ 11 ಶಿಲ್ಲಿಂಗ್ 6 ಪೆನ್ಸ್, ದಕ್ಷಿಣದಲ್ಲಿ 8 ಶಿಲ್ಲಿಂಗ್ 5 ಪೆನ್ಸ್. ಒಂದು ಶಿಲ್ಲಿಂಗಿಗೆ 12 ಪೆನ್ಸ್, 20 ಶಿಲ್ಲಿಂಗಿಗೆ ಒಂದು ಪೌಂಡು. ಉತ್ತರದಲ್ಲಿ ಗಣಿ, ಮಿಲ್ಲುಗಳಿದ್ದವು. ಅಲ್ಲಿಗೆ ಓಡಿಹೋಗುವ ಆಳನ್ನು ಉಳಿಸಿಕೊಳ್ಳಲು ರೈತ ಹೆಚ್ಚು ಕೊಡಲೇಬೇಕಿತ್ತು. ದಕ್ಷಿಣದಲ್ಲಿ ಆ ಪೈಪೋಟಿಯಿಲ್ಲ. ಜೊತೆಗೆ ಗೋಮಾಳದಂಥ ಸಾಮಾನ್ಯ ಭೂಮಿಗೆ ಕಾನೂನುಬದ್ಧವಾಗಿ ಬೇಲಿ ಬಿದ್ದು, ಬಡವರಿಗೆ ಹಸು ಮೇಯಿಸುವ, ಸೌದೆ ತರುವ ದಾರಿಯೂ ಹಲವೆಡೆ ಮುಚ್ಚಿಹೋಗಿತ್ತು. ಎಂಟೂವರೆ ಶಿಲ್ಲಿಂಗಿನಲ್ಲಿ ಮನೆ ಬಾಡಿಗೆ ಒಂದು, ಒಂದೂವರೆ ಶಿಲ್ಲಿಂಗು ಹೋದರೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಬ್ರೆಡ್ಡಿಗೇ. ಮಳೆ ಬಂದು ಕೆಲಸ ನಿಂತರೆ ಆ ದಿನದ ಕೂಲಿಯಿಲ್ಲ.

ಹಾಗಾದರೆ ಸಂಸಾರ ಹೇಗೆ ನಡೆಯಿತು? ಹೆಂಗಸರು, ಮಕ್ಕಳ ಕೈಯಿಂದ. ಇಲ್ಲಿ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಪದವಿದೆ, ಹಕ್ಕಲು. ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ತೆನೆ ಆಯುವ ಹಕ್ಕಲು ಆ ಹಳ್ಳಿಗಳ ಬಡವರಿಗೂ ವರ್ಷದ ದೊಡ್ಡ ಆಸರೆ. 1788ರಲ್ಲೇ ನ್ಯಾಯಾಲಯವೊಂದು ಅದು ಬಡವರ ಕಾನೂನುಬದ್ಧ ಹಕ್ಕಲ್ಲ ಎಂದು ತೀರ್ಪು ಕೊಟ್ಟಿತ್ತು. ಆದರೂ ಊರ ರೂಢಿ ನಿಲ್ಲಲಿಲ್ಲ. ಹೊಲದಲ್ಲಿ ಒಂದೇ ಒಂದು ಸಿವುಡು ನಿಲ್ಲಿಸಿರುತ್ತಿದ್ದರು. ಅದು ಇರುವ ತನಕ ಯಾರೂ ಕಾಲಿಡುವಂತಿಲ್ಲ. ಅದನ್ನು ತೆಗೆದ ಮೇಲೆ, ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದರೆ ಹೆಂಗಸರು ಮಕ್ಕಳು ಹೊಲಕ್ಕೆ ಇಳಿಯಬಹುದು, ಸಂಜೆ ಗಂಟೆ ಬಾರಿಸಿದರೆ ಎಲ್ಲರೂ ಹೊರಗೆ ಬರಬೇಕು. ಮೊದಲು ಬಂದವರೇ ಎಲ್ಲ ಬಾಚಿಕೊಳ್ಳದಿರಲಿ, ಎಳೆಗೂಸಿನ ತಾಯಿಗೂ ಸಮಪಾಲು ಸಿಗಲಿ ಎಂದು ಈ ಕಟ್ಟಳೆ. ಹೀಗೆ ಆಯ್ದ ಗೋಧಿಯನ್ನು ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸಿದರೆ ಚಳಿಗಾಲದ ಎಷ್ಟೋ ವಾರಗಳು ಕಳೆಯುತ್ತಿದ್ದವು. ಸುಗ್ಗಿಯ ಹೆಚ್ಚುವರಿ ಕೂಲಿಯಲ್ಲಿ ವರ್ಷದ ಬೂಟುಗಳ ಸಾಲ ತೀರುತ್ತಿತ್ತು. ಹಿತ್ತಲಲ್ಲಿ ಒಂದು ಹಂದಿ, ತುಂಡು ಜಾಗದಲ್ಲಿ ಆಲೂಗಡ್ಡೆ. ಇವ್ಯಾವುದೂ ಗಣತಿ ಪುಸ್ತಕದಲ್ಲಿ ಬರುವುದಿಲ್ಲ.

ಅಡ್ಡಹೆಸರಿನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ರೈಟ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಮಾಡುವವನು, ಕಟ್ಟುವವನು. ಹೆಚ್ಚಾಗಿ ಮರಗೆಲಸದವನು. ಗಾಡಿ ಚಕ್ರ ಮಾಡುವವನು ವೀಲ್‌ರೈಟ್. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಮ್ಮಾರ, ಪತ್ತಾರರ ಹಾಗೆ ಇದೂ ಕಸುಬಿನಿಂದ ಬಂದ ಹೆಸರು. ಆದರೆ ಇಂಗ್ಲೆಂಡಿನಲ್ಲಿ ಇಂಥ ಹೆಸರುಗಳು ವಂಶಕ್ಕೆ ಅಂಟಿ ಗಟ್ಟಿಯಾದದ್ದು ನಿಮ್ಮ ಜನಗಣತಿಗಿಂತ ನಾಲ್ಕೈದು ನೂರು ವರ್ಷ ಹಿಂದೆಯೇ. 1851ರ ರೈಟ್ ಹೊಲದಲ್ಲಿ ದುಡಿಯುವುದು, ಬೇಕರ್ ಬೂಟು ಹೊಲಿಯುವುದು, ಸ್ಮಿತ್ ಕುರಿ ಕಾಯುವುದು ಎಲ್ಲ ಸಹಜ. ಹೆಸರು ಮತ್ತು ಕಸುಬು ಕೂಡಿದರೆ ಅದು ಬಹುಪಾಲು ಕಾಕತಾಳೀಯ.

ಊರಿನಲ್ಲಿ ಒಬ್ಬ ವೀಲ್‌ರೈಟ್ ಇದ್ದೇ ಇರುತ್ತಿದ್ದ. ಅವನ ಕೆಲಸ ನನಗೆ ತುಂಬ ಇಷ್ಟವಾದ್ದರಿಂದ ನಾಲ್ಕು ಮಾತು. ಚಕ್ರದ ನಡುವಿನ ಗುಂಬಕ್ಕೆ ಎಲ್ಮ್ ಮರ, ಏಕೆಂದರೆ ಅದರ ನಾರು ಒಂದಕ್ಕೊಂದು ಹೆಣೆದುಕೊಂಡಿದ್ದು ಸುತ್ತಲೂ ತೂತು ಕೊರೆದರೂ ಸೀಳುವುದಿಲ್ಲ. ಅರೆಗಳಿಗೆ ಓಕ್, ಅದನ್ನೂ ಗರಗಸದಲ್ಲಿ ಕೊಯ್ಯದೆ ನಾರಿನ ದಿಕ್ಕಿಗೇ ಸೀಳಿ ತೆಗೆದದ್ದು. ಹೊರಸುತ್ತಿಗೆ ಬಳುಕುವ ಆ್ಯಶ್. ಕೊನೆಗೆ ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಕಬ್ಬಿಣದ ಪಟ್ಟಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದು ಚಕ್ರಕ್ಕೆ ತೊಡಿಸಿ ನೀರು ಸುರಿಯುವುದು. ಕಬ್ಬಿಣ ಕುಗ್ಗುತ್ತಾ ಮರದ ಕೀಲುಗಳೆಲ್ಲ ಕಿರ್ರೆಂದು ಬಿಗಿಯುತ್ತವೆ. ಬೆರಣಿ ಒಟ್ಟಿ ಪಟ್ಟಿ ಕಾಯಿಸುವುದನ್ನು ನಮ್ಮೂರ ಕುಲುಮೆಯ ಮುಂದೆ ಹುಡುಗನಾಗಿದ್ದಾಗ ನಿಂತು ನೋಡಿದವನು ನಾನು. ಆ ಹಬೆಯ ವಾಸನೆ ಇನ್ನೂ ಮೂಗಿನಲ್ಲಿದೆ. ಇದೇ ವೀಲ್‌ರೈಟ್ ಎಷ್ಟೋ ಹಳ್ಳಿಗಳಲ್ಲಿ ಶವಪೆಟ್ಟಿಗೆಯನ್ನೂ ಮಾಡುತ್ತಿದ್ದ. ಕಮ್ಮಾರ, ಮೋಚಿ, ಬೇಕರಿಯವನು, ಸಂತೆ ದಿನ ಪಟ್ಟಣಕ್ಕೆ ಗಾಡಿ ಹೊಡೆಯುವವನು, ಇವರ ಹೆಸರುಗಳೆಲ್ಲ ಕೆಲ್ಲಿ ಕಂಪನಿಯಂಥವರು ಪ್ರಕಟಿಸಿದ ವ್ಯಾಪಾರಿಗಳ ಡೈರೆಕ್ಟರಿಗಳಲ್ಲಿ ಸಿಗುತ್ತವೆ. ಕೂಲಿಯವರ ಹೆಸರು ಅದರಲ್ಲಿ ಇರುವುದಿಲ್ಲ. ಅಲ್ಲಿ ಒಬ್ಬ ರೈಟ್ ಸಿಕ್ಕರೆ ನಿಮ್ಮವನೇ ಎಂದು ತಕ್ಷಣ ಹಿಡಿದುಕೊಳ್ಳಬೇಡಿ.

ಇನ್ನು ‘ಸ್ಟ್ರಾ ಪ್ಲೇಟರ್’. ನಿಮ್ಮ ಇಡೀ ಪ್ರಶ್ನೆಯ ಕೀಲಿಕೈ ಇದು. ಬೆಡ್‌ಫರ್ಡ್‌ಶೈರ್, ಹರ್ಟ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಸೇರುವ ಸುಣ್ಣಕಲ್ಲಿನ ಗುಡ್ಡಗಳ ನೆಲದಲ್ಲಿ ಬೆಳೆದ ಗೋಧಿಯ ದಂಟು ತೆಳ್ಳಗೆ, ಹೊಳಪಾಗಿ ಇರುತ್ತದೆ. ಅದನ್ನು ಹೆಣೆದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಸುರುಳಿಯಾಗಿ ಹೊಲಿದರೆ ಟೋಪಿ. ಲೂಟನ್ ಮತ್ತು ಡನ್‌ಸ್ಟೇಬಲ್ ಆ ಟೋಪಿಗಳಿಗೆ ಹೆಸರಾದ ಪಟ್ಟಣಗಳು. ನೆಪೋಲಿಯನ್ನನ ಯುದ್ಧಗಳಲ್ಲಿ ಇಟಲಿಯ ಹುಲ್ಲಿನ ಹೆಣಿಗೆ ಬರುವುದು ನಿಂತಾಗ ಈ ಕಸುಬು ಬಹಳ ಬೆಳೆಯಿತು. ಒಳ್ಳೆಯ ಬೆಲೆ ಇದ್ದ ವರ್ಷಗಳಲ್ಲಿ ಕೈ ಪಳಗಿದ ಹೆಂಗಸಿನ ಸಂಪಾದನೆ ಗಂಡನ ಕೂಲಿಗೆ ಸರಿಸಮ ನಿಲ್ಲುತ್ತಿತ್ತು.

ಕೆಲಸ ಹೀಗೆ. ದಂಟನ್ನು ಗಿಣ್ಣುಗಳ ನಡುವೆ ಒಂದು ಗೇಣಿನಷ್ಟು ಉದ್ದಕ್ಕೆ ಕತ್ತರಿಸಿ, ದಪ್ಪ ಸಣ್ಣ ಬೇರ್ಪಡಿಸಿ, ಗಂಧಕದ ಹೊಗೆ ಕೊಟ್ಟು ಬಿಳುಪು ಮಾಡಿ ಕಟ್ಟು ಕಟ್ಟಿ ಮಾರುತ್ತಿದ್ದರು. ಅದನ್ನು ಕೊಂಡ ಹೆಂಗಸು ಸ್ಪ್ಲಿಟರ್ ಎಂಬ ಪುಟ್ಟ ಸಾಧನದ ಮೊನೆಗೆ ದಂಟನ್ನು ಚುಚ್ಚಿ ನೂಕುತ್ತಾಳೆ. ಮೊನೆಯ ಸುತ್ತ ಇರುವ ಅಲಗುಗಳು ಅದನ್ನು ಒಂದೇ ಸಮನಾದ ಸೀಳುಗಳಾಗಿ ಬಿಡಿಸುತ್ತವೆ. ಬಾಗಿಲ ಚೌಕಟ್ಟಿಗೆ ಬಡಿದಿರುವ ಮರದ ಉರುಳೆಗಳ ನಡುವೆ ಹಾಯಿಸಿದರೆ ಸೀಳು ಚಪ್ಪಟೆಯಾಗಿ ಮೆತ್ತಗಾಗುತ್ತದೆ. ಆಮೇಲೆ ಒಂದು ಹಿಡಿ ಸೀಳು ಎಡ ಕಂಕುಳಲ್ಲಿ, ಕೆಲವು ತುಟಿಗಳ ನಡುವೆ. ಒಣ ಸೀಳು ಮುರಿಯುತ್ತದೆ, ಅದಕ್ಕೆ ಎಂಜಲಲ್ಲೇ ಒದ್ದೆ ಮಾಡಬೇಕು. ಬಾಯಿಯ ಮೂಲೆ ಗೀರಿ ಹುಣ್ಣಾಗುವುದು ಮಾಮೂಲು. ಬೆರಳುಗಳಿಗೆ ಲಯ ಹತ್ತಿದ ಮೇಲೆ ಕಣ್ಣು ಬೇಕಿಲ್ಲ. ತೊಟ್ಟಿಲು ತೂಗುತ್ತಾ, ಓಣಿಯಲ್ಲಿ ನಡೆಯುತ್ತಾ, ಬಾಗಿಲಲ್ಲಿ ನಿಂತು ಪಕ್ಕದ ಮನೆಯವರ ಜೊತೆ ಮಾತಾಡುತ್ತಾ ಹೆಣೆಯುತ್ತಾರೆ. ಒಲೆಯ ಮೇಲಿನ ಮರದ ಹಲಗೆಯಲ್ಲಿ ಒಂದು ಗಜಕ್ಕೆ ಕಚ್ಚು ಹಾಕಿರುತ್ತಾರೆ, ಅದಕ್ಕೆ ಹಿಡಿದು ಅಳೆಯುವುದು. ಇಪ್ಪತ್ತು ಗಜಕ್ಕೆ ಒಂದು ‘ಸ್ಕೋರ್’, ಮಾರಾಟ ಆ ಲೆಕ್ಕದಲ್ಲಿ. ಲೂಟನ್ನಿನಲ್ಲಿ ಸೋಮವಾರ ಹೆಣಿಗೆಯ ಸಂತೆ. ಬಹಳ ವರ್ಷ ಬೀದಿಯಲ್ಲೇ ನಡೆಯುತ್ತಿದ್ದ ಅದಕ್ಕೆ 1869ರಲ್ಲಿ ಹಾಲ್‌ಗಳನ್ನು ಕಟ್ಟಿಸಿದರು. ನಮ್ಮ ಮಂಗಳೂರು ಕಡೆ ಬೀಡಿ ಕಟ್ಟುವ ತಾಯಂದಿರನ್ನು ನೋಡಿದವರಿಗೆ ಈ ಚಿತ್ರ ಬೇಗ ಹತ್ತಿರವಾಗುತ್ತದೆ. ಅದೂ ಮನೆಯ ಜಗಲಿಯಲ್ಲೇ, ಮಕ್ಕಳ ನಡುವೆಯೇ, ಎಣಿಸಿ ಕೊಡುವ ದುಡಿಮೆ.

ಐದು ವರ್ಷದ ಹುಡುಗನ ಪ್ರಶ್ನೆ ಬರುವುದು ಇಲ್ಲಿಯೇ. ಆ ಜಿಲ್ಲೆಗಳಲ್ಲಿ ‘ಪ್ಲೇಟ್ ಸ್ಕೂಲ್’ ಎಂಬವು ಇದ್ದವು. ಹೆಸರಿಗೆ ಸ್ಕೂಲು. ಯಾರದೋ ಮನೆಯ ಒಂದು ಕೋಣೆ, ಅದರಲ್ಲಿ ಒತ್ತೊತ್ತಾಗಿ ಮಕ್ಕಳು. ಅಕ್ಷರದ ನೆಪಕ್ಕೆ ಬೈಬಲ್ಲಿನ ಒಂದೆರಡು ಸಾಲು ಬಾಯಿಪಾಠ, ಉಳಿದ ಹೊತ್ತೆಲ್ಲ ಹೆಣಿಗೆ. ಹುಲ್ಲು ಕೊಟ್ಟು ಕಳಿಸುವವರು ತಾಯ್ತಂದೆಯರೇ, ದಿನಕ್ಕೆ ಇಷ್ಟು ಗಜ ಎಂದು ಗೊತ್ತು ಮಾಡುವವರೂ ಅವರೇ. ಮೂರು ನಾಲ್ಕು ವರ್ಷದ ಮಕ್ಕಳೂ ಅಲ್ಲಿ ಕೂರುತ್ತಿದ್ದರು. 1860ರ ದಶಕದಲ್ಲಿ ಮಕ್ಕಳ ದುಡಿಮೆಯ ಬಗ್ಗೆ ವಿಚಾರಿಸಲು ಸರ್ಕಾರ ನೇಮಿಸಿದ ಆಯೋಗ ಈ ಕೋಣೆಗಳಿಗೂ ಹೋಗಿ ಬಂದಿತು. 1867ರ ಕಾನೂನು ಎಂಟು ವರ್ಷದೊಳಗಿನ ಮಕ್ಕಳನ್ನು ಇಂಥ ಕೆಲಸಕ್ಕೆ ಹಚ್ಚಬಾರದು ಎಂದಿತಾದರೂ ಹಳ್ಳಿ ಮನೆಯ ಕೋಣೆಗೆ ಇನ್‌ಸ್ಪೆಕ್ಟರು ಬರುವುದು ಅಪರೂಪ. ಹತ್ತು ವರ್ಷದ ತನಕ ಶಾಲೆ ಕಡ್ಡಾಯವಾದದ್ದು 1880ರಲ್ಲಿ. ಬಹುಪಾಲು ಶಾಲೆಗಳಲ್ಲಿ ಫೀಸು ಹೋದದ್ದು 1891ರಲ್ಲಿ.

ನೀವು ಶಿಕ್ಷಕಿ, ಆ ಕೂಸನ್ನು ನೆನೆದು ನಿಮಗೆ ಸಂಕಟವಾಗಿದೆ. ಆಗಬೇಕಾದ್ದೇ. ಅದೊಂದು ಮುದ್ದಾದ ಹಳ್ಳಿ ಚಿತ್ರ ಎಂದು ನಾನು ಬಣ್ಣ ಹಚ್ಚಲಾರೆ. ಆದರೆ ಆ ತಾಯ್ತಂದೆಯರು ಎಂಥವರು ಎಂದು ಕೇಳಿದ್ದೀರಿ. ಎಂಟೂವರೆ ಶಿಲ್ಲಿಂಗಿನಲ್ಲಿ ನಾಲ್ಕು ಹೊಟ್ಟೆ ನಡೆಸುವವರು. ಮಗುವಿನ ಬೆರಳಿನಿಂದ ವಾರಕ್ಕೆ ಬರುವ ಕೆಲವು ಪೆನ್ಸ್ ಅಂದರೆ ಅದು ಒಂದು ದೊಡ್ಡ ಬ್ರೆಡ್ಡು. ಅವರು ಕ್ರೂರಿಗಳು ಎನ್ನಲು ಈ ಗಣತಿ ಪುಟ ಸಾಕ್ಷಿಯಲ್ಲ. ಜೊತೆಗೆ, ತಂದೆ ಸತ್ತ ಮೇಲೆ ಆ ವಿಧವೆ ಮನೆ ಬಿಟ್ಟು ವರ್ಕ್‌ಹೌಸಿಗೆ ಹೋಗದೆ ಉಳಿದದ್ದರಲ್ಲಿ ನೆರವಿನ ಹಣದಷ್ಟೇ ಪಾಲು ಮಗಳ ಹೆಣಿಗೆಯದ್ದೂ ಇರಬೇಕು ಎಂಬುದು ನನ್ನ ತರ್ಕ.

ಈಗ ಮೊಮ್ಮಗನ ವಿಷಯ. ಜನಗಣತಿಯಲ್ಲಿ ಸಂಬಂಧದ ಕಾಲಂ ಇರುವುದು ಮನೆಯ ಯಜಮಾನರಿಗೆ ಏನಾಗಬೇಕು ಎಂಬುದಕ್ಕೆ ಮಾತ್ರ. ವಿಧವೆಗೆ ಮೊಮ್ಮಗ ಎಂದರೆ ಮನೆಯಲ್ಲಿದ್ದ ಮಗಳ ಮಗ ಎಂದೇ ಆಗಬೇಕಿಲ್ಲ. 1851ಕ್ಕೆ ಮೊದಲೇ ಮನೆ ಬಿಟ್ಟಿದ್ದ ಹಿರಿಯ ಮಗನೊಬ್ಬ ಇದ್ದಿದ್ದು, ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಮಗು ಅಜ್ಜಿಯ ಮಡಿಲಿಗೆ ಬಂದಿರಬಹುದು. ಇದನ್ನು ಬಗೆಹರಿಸುವ ದಾಖಲೆ ಒಂದೇ, ಮಗುವಿನ ಜನನ ಪ್ರಮಾಣಪತ್ರ. ಇಂಗ್ಲೆಂಡಿನಲ್ಲಿ ಜನನ ನೋಂದಣಿ 1837ರ ಜುಲೈ 1ರಿಂದ ಇದೆ. ಆ ಮಗು ಹುಟ್ಟಿದ್ದು 1860ರ ಡಿಸೆಂಬರ್ ಸುಮಾರಿಗೆ. ಹಾಗಾಗಿ 1860ರ ಕೊನೆಯ ಮೂರು ತಿಂಗಳು ಮತ್ತು 1861ರ ಮೊದಲ ಮೂರು ತಿಂಗಳು, ಎರಡೂ ಸೂಚಿಗಳಲ್ಲಿ ಲೂಟನ್ ಜಿಲ್ಲೆಯ ಹೆಸರುಗಳನ್ನು ನೋಡಿ. ಸರ್ಕಾರಿ ನೋಂದಣಿ ಕಚೇರಿಯ ಆನ್‌ಲೈನ್ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರೂ ಇರುತ್ತದೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಆ ಜಾಗದಲ್ಲಿ ಸಾಮಾನ್ಯವಾಗಿ ಬರೀ ಒಂದು ಗೆರೆ. ಬ್ಯಾಪ್ಟಿಸಂ ರಿಜಿಸ್ಟರಿನಲ್ಲೂ ಹುಡುಕಿ. ಬೆಡ್‌ಫರ್ಡಿನಲ್ಲೇ ಇರುವ ಜಿಲ್ಲಾ ದಾಖಲೆ ಸಂಗ್ರಹ 1913ರಲ್ಲಿ ಶುರುವಾದದ್ದು, ಇಂಗ್ಲೆಂಡಿನ ಜಿಲ್ಲಾ ದಾಖಲೆ ಕಚೇರಿಗಳಲ್ಲಿ ಎಲ್ಲಕ್ಕಿಂತ ಮೊದಲಿನದು. ಇಷ್ಟು ಹತ್ತಿರ ಇದ್ದುಕೊಂಡು ಹೋಗದೆ ಊರಿಗೆ ಮರಳಬೇಡಿ.

ಮಗಳದ್ದೇ ಮಗು ಎಂದು ಖಚಿತವಾಯಿತು ಅನ್ನಿ. ಹುಲ್ಲು ಹೆಣೆಯುವ ಹುಡುಗಿಯರ ಬಗ್ಗೆ ಆ ಕಾಲದ ಪಾದ್ರಿಗಳು, ಅಧಿಕಾರಿಗಳು ಕೆಟ್ಟದಾಗಿ ಬರೆದದ್ದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಓಣಿಗಳಲ್ಲಿ ಅಲೆಯುತ್ತಾರೆ, ಮನೆಗೆಲಸ ಬಾರದು, ಕೈಯಲ್ಲಿ ದುಡ್ಡಿದೆ, ನಡತೆ ಸರಿಯಿಲ್ಲ ಎಂದೆಲ್ಲ. ಅವನ್ನು ಓದುವಾಗ ಬರೆದವರು ಯಾರು ಎಂದು ನೋಡಿ. ಆ ಹುಡುಗಿಯರು ದೊಡ್ಡ ಮನೆಗಳಿಗೆ ಕೆಲಸದವರಾಗಿ ಹೋಗಲು ಒಪ್ಪದೆ ತಮ್ಮ ಬಾಗಿಲಲ್ಲೇ ನಿಂತು ದುಡಿಯುತ್ತಿದ್ದರು. ಅದು ಹಲವರಿಗೆ ಸಹಿಸಲಿಲ್ಲ ಎಂಬುದು ನನ್ನ ಅನಿಸಿಕೆ. ಇನ್ನು ಆಗಿನ ಹಳ್ಳಿಗಳಲ್ಲಿ ಮದುವೆ ಸಾಮಾನ್ಯವಾಗಿ ಇಪ್ಪತ್ತರ ನಡುವಿನಲ್ಲಿ. ಹದಿನಾಲ್ಕಕ್ಕೇ ಮದುವೆ ಎಂಬುದು ತಪ್ಪು ಕಲ್ಪನೆ. ಮಾತು ಕೊಟ್ಟು 'ಜೊತೆ ನಡೆಯುತ್ತಿದ್ದ' ಹುಡುಗಿ ಬಸುರಾದ ಮೇಲೆ ಚರ್ಚಿಗೆ ಹೋಗುವುದು ಅಪರೂಪವೇನೂ ಆಗಿರಲಿಲ್ಲ. ಮದುವೆಯ ತಾರೀಖನ್ನೂ ಮೊದಲ ಮಗುವಿನ ಬ್ಯಾಪ್ಟಿಸಂ ತಾರೀಖನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವ ಊರಿನ ರಿಜಿಸ್ಟರಿನಲ್ಲೂ ಇದು ಕಾಣುತ್ತದೆ. ಹುಡುಗ ಸತ್ತರೆ, ಊರು ಬಿಟ್ಟರೆ, ಮಾತು ತಪ್ಪಿದರೆ ಹೊರೆ ಹೊತ್ತವಳು ಅವಳೊಬ್ಬಳೇ. 1834ರ ಕಾನೂನು ಆ ಹೊರೆಯನ್ನು ಬಹುಮಟ್ಟಿಗೆ ತಾಯಿಯ ಮೇಲೇ ಹಾಕಿತ್ತು. ಟೀಕೆ ಬಂದ ಮೇಲೆ 1844ರಲ್ಲಿ, ತಾಯಿಯೇ ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ತಂದೆಯಿಂದ ವಾರಕ್ಕೆ ಎರಡೂವರೆ ಶಿಲ್ಲಿಂಗಿನ ತನಕ ಜೀವನಾಂಶ ಕೇಳಬಹುದು ಎಂದಾಯಿತು. ನಿಮ್ಮ ಹುಡುಗಿ ಹಾಗೆ ಹೋಗಿದ್ದರೆ, ಆ ಕೋರ್ಟಿನ ಪುಸ್ತಕ ಉಳಿದಿದ್ದರೆ, ತಂದೆಯ ಹೆಸರು ಅಲ್ಲಿರುತ್ತದೆ. ಮಗುವಿಗೆ ವಿಚಿತ್ರವಾದ ಮಧ್ಯದ ಹೆಸರಿದ್ದರೆ ಗಮನಿಸಿ. ತಾಯಂದಿರು ತಂದೆಯ ಅಡ್ಡಹೆಸರನ್ನು ಅಲ್ಲಿ ಇಡುವುದುಂಟು. ಅದು ಸುಳಿವು, ಪುರಾವೆಯಲ್ಲ. ಹಾಗೆಯೇ ಆ ಮಗು ದೊಡ್ಡವನಾಗಿ ಮದುವೆಯಾದಾಗ ತಂದೆಯ ಕಾಲಂನಲ್ಲಿ ಬರೆಸಿದ ಹೆಸರನ್ನೂ ಕಣ್ಣುಮುಚ್ಚಿ ನಂಬಬೇಡಿ. ಮುಜುಗರ ತಪ್ಪಿಸಲು ಅಜ್ಜನ ಹೆಸರನ್ನೋ ಇಲ್ಲದವನ ಹೆಸರನ್ನೋ ಬರೆಸಿದ ಉದಾಹರಣೆಗಳು ಬೇಕಾದಷ್ಟು.

ನೀವು ಮಾಡಬೇಕೆಂದಿದ್ದನ್ನು ಆ ಮನೆಯವರೇ ಮಾಡಿರಬಹುದು. 1871ರ ಗಣತಿ ತೆಗೆದು ನೋಡಿ. ಹತ್ತು ವರ್ಷದ ಹುಡುಗ ಅಜ್ಜಿಯ ‘ಮಗ’ ಎಂದು ಬರೆದಿದ್ದರೆ ಆಶ್ಚರ್ಯಪಡಬೇಡಿ.

ಮಗಳ ಮಗನೇ ಆದಲ್ಲಿ, ಬೀಗರಿಗೆ ರೈಟ್ ಎಂಬ ಹೆಸರು ಬಂದದ್ದು ಆ ಹತ್ತೊಂಬತ್ತರ ಹುಡುಗಿಯಿಂದ. ಜಮೀನುದಾರರ ವಂಶದ ಕಥೆ ಹೇಗೂ ಒಂದೇ ಅಡ್ಡಹೆಸರಿನ ಬಲದ ಮೇಲೆ ನಿಂತದ್ದು. ರೈಟ್ ಇಂಗ್ಲೆಂಡಿನ ಬಹಳ ಸಾಮಾನ್ಯ ಹೆಸರುಗಳಲ್ಲೊಂದು. ಆ ವೃಕ್ಷದಲ್ಲಿ ಪ್ರತಿ ತಲೆಮಾರಿಗೂ ಬ್ಯಾಪ್ಟಿಸಂ, ಮದುವೆ, ಸಮಾಧಿಯ ದಾಖಲೆ ಕೊಟ್ಟಿದ್ದಾರೆಯೇ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ. ವೃತ್ತಿಯ ಆರಂಭದಲ್ಲಿ ನಾನೇ ಒಂದು ಮನೆಯವರಿಗಾಗಿ ಎರಡು ತಿಂಗಳು ಒಬ್ಬ ವ್ಯಕ್ತಿಯ ಹಿಂದೆ ಹೋಗಿ, ಕೊನೆಗೆ ಅದೇ ಊರಿನಲ್ಲಿ ಅದೇ ಹೆಸರಿನ, ಅದೇ ವಯಸ್ಸಿನ ಚಿಕ್ಕಪ್ಪನ ಮಗನೊಬ್ಬ ಇದ್ದದ್ದು ಸಮಾಧಿ ರಿಜಿಸ್ಟರಿನಲ್ಲಿ ಕಂಡೆ. ನನ್ನವನು ಎಂದುಕೊಂಡಿದ್ದವನು ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದ. ಅಂದಿನಿಂದ ಹುಟ್ಟು ಸಿಕ್ಕರೆ ಸಾವನ್ನೂ ಹುಡುಕದೆ ಮುಂದೆ ಹೋಗುವುದಿಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸಲೇ ಎಂದು ನಾಳೆ ಕೇಳುತ್ತೀರಿ. ಮುತ್ತಜ್ಜನ ತಂದೆ ಯಾರೆಂದು ತಿಳಿಯಲು ಅದು ನೆರವಾಗಬಹುದು. ಪರೀಕ್ಷೆ ಬೀಗರದ್ದೇ ಆಗಬೇಕು, ಅವರೇ ಒಪ್ಪಬೇಕು. ಅಪಾಯವೆಂದರೆ, ನೀವು 1860ರ ಗುಟ್ಟು ಹುಡುಕಲು ಹೋದರೆ ಅದು 1960ರ ಗುಟ್ಟನ್ನು ತಂದು ಮುಂದಿಡಬಹುದು. ಬದುಕಿರುವವರ ಮನೆ ಕಲಕುತ್ತದೆ. ಉಡುಗೊರೆಯ ಆತುರದಲ್ಲಿ ಮಾಡುವ ಕೆಲಸವಂತೂ ಅಲ್ಲ.

ಇನ್ನು ಹುಟ್ಟುಹಬ್ಬ. ಎಲ್ಲವನ್ನೂ ಬರೆದು ಚೌಕಟ್ಟು ಹಾಕಿಸಿ ನೆಂಟರ ಮುಂದೆ ಬಿಚ್ಚಿ ತೋರಿಸಬಹುದು. ಇಂದಿನ ಇಂಗ್ಲೆಂಡಿನಲ್ಲಿ ಇಂಥ ಸಂಗತಿಗೆ ಹಲವರು ಬೇಸರಪಡುವುದಿಲ್ಲ, ಬದಲಿಗೆ ಕುತೂಹಲ ತೋರಿಸುತ್ತಾರೆ. ಆದರೆ 75ರ ಹಿರಿಯರೊಬ್ಬರು ತಮ್ಮ ಮನೆತನದ ವಿಷಯವನ್ನು ಇಪ್ಪತ್ತು ಜನರ ನಡುವೆ, ಕೈಯಲ್ಲಿ ಕೇಕಿನ ತಟ್ಟೆ ಹಿಡಿದುಕೊಂಡು ಮೊದಲ ಸಲ ತಿಳಿಯುವುದು ಸರಿಯಲ್ಲ. ವೃಕ್ಷವನ್ನು ಖಚಿತವಿರುವಲ್ಲಿಗೆ, ಅಂದರೆ ಮುತ್ತಜ್ಜನಿಗೇ ನಿಲ್ಲಿಸಿ ಮೇಲಕ್ಕೆ ಜಾಗ ಖಾಲಿ ಬಿಡಬಹುದು. ಅದರಲ್ಲಿ ಸುಳ್ಳಿಲ್ಲ, ಆದರೆ ಅವರು ಮೇಲೆ ಯಾರು ಎಂದು ಕೇಳಿದಾಗ ತಡವರಿಸುವ ಪ್ರಸಂಗ ಬರುತ್ತದೆ. ನಾನಾಗಿದ್ದರೆ ಪ್ರಮಾಣಪತ್ರ ಬಂದ ಮೇಲೆ ಮೊದಲು ಅಳಿಯಂದಿರಿಗೆ ಹೇಳುತ್ತಿದ್ದೆ. ತಂದೆಯ ಸ್ವಭಾವ ಅವರಿಗೆ ಗೊತ್ತು. ಆಮೇಲೆ ಬೀಗರೊಬ್ಬರೇ ಇರುವಾಗ, ಮೇಜಿನ ಮೇಲೆ ಆ ಎರಡು ಗಣತಿ ಪುಟಗಳನ್ನಿಟ್ಟು ನೀವೇ ಓದಿ ತೋರಿಸಿ. ಅವರಿಗೆ ಆಗಲೇ ಗೊತ್ತಿದ್ದರೂ ಇರಬಹುದು. ದಾಖಲೆ ಸಂಗ್ರಹದ ಓದುವ ಕೋಣೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ, ‘ನಮ್ಮಜ್ಜಿ ಏನೋ ಗುನುಗುತ್ತಿದ್ದಳು, ಇದೇ ಇರಬೇಕು’ ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಗೋಡೆಗೆ ಏನು ಹೋಗಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಹೆಸರು ಅವರದು.

ಸಮಯವಿದ್ದರೆ ಹುಟ್ಟುಹಬ್ಬಕ್ಕೆ ಮೊದಲು ಬೀಗರನ್ನೂ ಕರೆದುಕೊಂಡು ಲೂಟನ್ನಿನ ವಾರ್ಡೌನ್ ಹೌಸ್ ಮ್ಯೂಸಿಯಂಗೆ ಹೋಗಿ ಬನ್ನಿ. ಟೋಪಿ ಮತ್ತು ಹುಲ್ಲಿನ ಹೆಣಿಗೆಗೆ ಸಂಬಂಧಿಸಿದ ಅವರ ಸಂಗ್ರಹ ದೊಡ್ಡದು. ಸ್ಪ್ಲಿಟರ್ ತೋರಿಸಿ ಎಂದು ಕೇಳಿ. ಬೆರಳುದ್ದದ ಸಾಮಾನು, ಮೊನೆಯ ಸುತ್ತ ಹೂವಿನ ಎಸಳಿನ ಹಾಗೆ ಅಲಗುಗಳು. ಪ್ರಮಾಣಪತ್ರ ಬಂದ ಮೇಲೆ ಅದರಲ್ಲೇನಿದೆ ಎಂದು ನನಗೂ ಬರೆಯಿರಿ. 1871ರ ಪುಟ ಓದಲು ಕಷ್ಟವಾದರೆ ಅದರ ಪ್ರತಿಯನ್ನೂ ಜೊತೆಗೆ ಕಳಿಸಿ.